ಗೋಡೆ ದಾಟಿ ಬಂದ ಸದ್ದು

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಈ ಗಾದೆಯನ್ನು ಕೇಳದ ಕನ್ನಡಿಗರು ಯಾರಿದ್ದಾರೆ? ಕದ್ದವನು ಬಾಯಿ ಬಿಟ್ಟಿರಲಿಲ್ಲ. ಯಾರೂ ಅವನ ಮನೆ ಹೊಕ್ಕು ಶೋಧಿಸಿರಲಿಲ್ಲ, ಮೈ ತಡವಿರಲಿಲ್ಲ. ಅವನಿಗೇ ತಿಳಿಯದಂತೆ ಅವನ ಕೈ ಹೆಗಲಿಗೆ ಹೋಯಿತು, ಸಿಕ್ಕಿಬಿದ್ದ. ಗಾದೆ ಹೇಳಿ ನಾವು ನಗುತ್ತೇವೆ. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಅದೇ ಗುಂಪಿನಲ್ಲಿ, ಬೆಳಗ್ಗೆಯಿಂದ ಮೂಟೆ ಹೊತ್ತು ಹೆಗಲು ನೋಯುತ್ತಿದ್ದ ಒಬ್ಬ ಹಮಾಲಿಯೂ ನಿಂತಿದ್ದು, ಅವನೂ ಅದೇ ಹೊತ್ತಿಗೆ ಹೆಗಲು ಮುಟ್ಟಿಕೊಂಡಿದ್ದರೆ ಏನಾಗುತ್ತಿತ್ತು?

ಮನುಷ್ಯರಂತೆ ಯಂತ್ರಗಳೂ ಹೆಗಲು ಮುಟ್ಟಿಕೊಳ್ಳುತ್ತವೆ. ಅಂಗಿಯೊಳಗೆ ಅಡಗಿಸಿದ ಮೊಬೈಲ್, ಕಿವಿಯಲ್ಲಿ ಬಚ್ಚಿಟ್ಟ ಪುಟ್ಟ ಉಪಕರಣ, ಬಾಗಿಲು ಹಾಕಿದ ಕೋಣೆಯಲ್ಲಿ ಸಣ್ಣಗೆ ಹಾಡುವ ರೇಡಿಯೋ, ಇವೆಲ್ಲ ತಮ್ಮ ಕೆಲಸ ಮಾಡುವಾಗ ಅವುಗಳನ್ನು ತಯಾರಿಸಿದವನು ಬಯಸದ ಒಂದಿಷ್ಟು ರೇಡಿಯೋ ಅಲೆಯನ್ನು ಹೊರಗೆ ಸೋರಿಬಿಡುತ್ತವೆ. ಆ ಸೋರಿಕೆಯ ಜಾಡು ಹಿಡಿದು ಅಡಗಿದ್ದನ್ನು ಪತ್ತೆ ಮಾಡುವ ವಿದ್ಯೆ ಬೆಳೆದಿದೆ. ವಿದ್ಯೆಯ ಬಗ್ಗೆ ನನ್ನ ತಕರಾರಿಲ್ಲ. ಕೆಲವು ದಿನಗಳಿಂದ ನನ್ನನ್ನು ಕಾಡುತ್ತಿರುವುದು ಬೇರೆ. ತಾನಾಗಿ ಹೊರಬಿದ್ದದ್ದನ್ನು ಕೇಳುವ ಹಕ್ಕು ಯಾರಿಗಿದೆ? ಕೇಳಿದ ಮೇಲೆ ಅದರಿಂದ ಎಷ್ಟನ್ನು ತೀರ್ಮಾನಿಸಬಹುದು?

ಈ ಪ್ರಶ್ನೆಯ ಬೀಜ ನನ್ನಲ್ಲಿ ಬಿದ್ದದ್ದು ಬಾಲ್ಯದಲ್ಲಿ. ನನ್ನ ಸೋದರಮಾವ ಕೊಟ್ಟೂರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದರು. ಗುರು ಬಸವೇಶ್ವರನ ರಥೋತ್ಸವದ ದಿನಗಳಲ್ಲಿ ಕೂಡ್ಲಿಗಿ, ಹರಪನಹಳ್ಳಿ, ಹಡಗಲಿ ಕಡೆಯ ಹಳ್ಳಿಗಳಿಂದ ಬರುವ ಜನ ತೇರು ನೋಡುವುದರ ಜೊತೆಗೆ ಕೆಟ್ಟ ಸೆಟ್ಟನ್ನೂ ಟವೆಲಿನಲ್ಲಿ ಸುತ್ತಿಕೊಂಡು ಬರುತ್ತಿದ್ದರು. ಸಂಜೆ ಗಿರಾಕಿಗಳು ಕಡಿಮೆಯಾದಾಗ ಮಾವ ನಮಗೆ ಒಂದು ಆಟ ತೋರಿಸುತ್ತಿದ್ದರು. ಒಂದು ಸೆಟ್ಟನ್ನು ಧಾರವಾಡ ಆಕಾಶವಾಣಿಗೆ, ಅಂದರೆ 765 ಕಿಲೋಹರ್ಟ್ಸ್‌ಗೆ ತಿರುಗಿಸಿ ವಾಲ್ಯೂಮನ್ನು ಪೂರ್ತಿ ಇಳಿಸುವುದು. ಪಕ್ಕದಲ್ಲೇ ಇನ್ನೊಂದು ಸೆಟ್ಟನ್ನಿಟ್ಟು ಅದರ ಮುಳ್ಳನ್ನು ನಿಧಾನವಾಗಿ 1220ರ ಆಸುಪಾಸಿಗೆ ತರುವುದು. ಅಲ್ಲಿಯವರೆಗೆ ಗರಗರ ಎನ್ನುತ್ತಿದ್ದ ಎರಡನೆಯ ಸೆಟ್ಟು ಆ ಜಾಗಕ್ಕೆ ಬಂದೊಡನೆ ಗಪ್ಪನೆ ಸುಮ್ಮನಾಗುತ್ತಿತ್ತು. ಕೆಲವೊಮ್ಮೆ ಸಣ್ಣದೊಂದು ಶಿಳ್ಳೆ ಹಾಕುತ್ತಿತ್ತು. ಮೊದಲನೆಯ ಸೆಟ್ಟನ್ನು ಆರಿಸಿದರೆ ಮತ್ತೆ ಗರಗರ.

ನಮಗದು ಜಾದೂ. ಮಾವನಿಗೆ ಲೆಕ್ಕ. ರೇಡಿಯೋದೊಳಗೆ ಆಸಿಲೇಟರ್ ಎಂಬ ಒಂದು ಭಾಗವಿರುತ್ತದೆ. ಯಾವ ಸ್ಟೇಷನ್ ಹಾಕಿದರೂ ಅದನ್ನು ಒಂದೇ ಅಳತೆಗೆ, ಅಂದರೆ 455 ಕಿಲೋಹರ್ಟ್ಸ್‌ಗೆ ಇಳಿಸಿಕೊಳ್ಳಲು ಸೆಟ್ಟು ತನ್ನದೇ ಒಂದು ಅಲೆಯನ್ನು ಹುಟ್ಟಿಸಿಕೊಳ್ಳಬೇಕು. ಆ ಅಲೆ ಸ್ಟೇಷನ್ನಿಗಿಂತ 455ರಷ್ಟು ಮೇಲಿರುತ್ತದೆ. 765ಕ್ಕೆ 455 ಕೂಡಿಸಿದರೆ 1220. ಒಳಗೇ ಇರಬೇಕಾದ ಈ ಅಲೆ ಒಂದೆರಡು ಮೊಳ ಹೊರಕ್ಕೂ ಸೋರುತ್ತದೆ. ಅದನ್ನು ಹಿಡಿದರೆ, ಸದ್ದೇ ಇಲ್ಲದ ಸೆಟ್ಟು ಯಾವ ಊರಿನ ಸ್ಟೇಷನ್ನಿಗೆ ತಿರುಗಿಕೊಂಡಿದೆ ಎಂದು ಹೇಳಬಹುದು. "ಯಾವ ಸ್ಟೇಷನ್ ಕೇಳಾಕ ಹತ್ಯಾರ ಅನ್ನೋದು ಗೊತ್ತಾಗ್ತೈತಿ, ಯಾಕ ಕೇಳಾಕ ಹತ್ಯಾರ ಅನ್ನೋದು ಗೊತ್ತಾಗಂಗಿಲ್ಲ" ಎಂದು ಮಾವ ನಗುತ್ತಿದ್ದರು. ಅವರು ತಮಾಷೆಗೆ ಹೇಳಿದ್ದು. ನಾನು ಅದನ್ನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿದ್ದೇನೆ.

ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕಿತ್ತು ಎಂಬುದು ಈಗಿನ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಿಗೆ ಇಲ್ಲದ ಸೆಟ್ಟು ಅಪರಾಧ. ಅಂಚೆ ಕಚೇರಿಯಲ್ಲಿ ಪುಸ್ತಕ ಮಾಡಿಸಿ ವರ್ಷವರ್ಷವೂ ಶುಲ್ಕ ಕಟ್ಟಬೇಕು. 1980ರ ದಶಕದ ಮಧ್ಯಭಾಗದವರೆಗೂ ಈ ವ್ಯವಸ್ಥೆ ಇತ್ತು. ತಪಾಸಣೆಯವರು ಬರುತ್ತಾರೆಂಬ ಸುದ್ದಿ ಹಬ್ಬಿದರೆ ಸಾಕು, ಸೆಟ್ಟುಗಳು ಜೋಳದ ಕಣಜ ಸೇರುತ್ತಿದ್ದವು ಎಂದು ಮಾವ ಹೇಳುತ್ತಿದ್ದರು. ಇಲ್ಲಿ ತಪಾಸಣೆ ಎಂದರೆ ಬಾಗಿಲು ತಟ್ಟಿ ಕೇಳುವುದಷ್ಟೇ. ಬ್ರಿಟನ್ನಿನಲ್ಲಿ 1952ರಲ್ಲೇ ಅಂಚೆ ಇಲಾಖೆ ಆಂಟೆನಾ ಹೊತ್ತ ವಾಹನಗಳನ್ನು ಬೀದಿಗಿಳಿಸಿತು. ಲೈಸೆನ್ಸ್ ಇಲ್ಲದ ಮನೆಯ ಟೀವಿಯಿಂದ ಸೋರುವ ಅಲೆಯನ್ನು ರಸ್ತೆಯಲ್ಲೇ ನಿಂತು ಹಿಡಿಯುವ ಏರ್ಪಾಡು ಅದು. 1950ರ ದಶಕದ ಕೊನೆಗೆ ಅದೇ ದೇಶದ ಗುಪ್ತಚರ ಸಂಸ್ಥೆ ಎಂಐ5, ಸೋವಿಯತ್ ಗೂಢಚಾರರು ಮಾಸ್ಕೋದಿಂದ ಬರುವ ಸಂದೇಶವನ್ನು ಕೇಳಿಸಿಕೊಳ್ಳುವ ರೇಡಿಯೋಗಳನ್ನು ಇದೇ ಉಪಾಯದಿಂದ ಹುಡುಕಿತು. ಅದಕ್ಕೆ 'ರಾಫ್ಟರ್' ಎಂದು ಹೆಸರಿಟ್ಟಿದ್ದರೆಂದು ಆ ಸಂಸ್ಥೆಯಲ್ಲಿದ್ದ ಪೀಟರ್ ರೈಟ್ 1987ರಲ್ಲಿ ಬರೆದ ಪುಸ್ತಕದಿಂದ ಲೋಕಕ್ಕೆ ತಿಳಿಯಿತು. ಗೂಢಚಾರ ಏನನ್ನೂ ಕಳಿಸುತ್ತಿರಲಿಲ್ಲ, ಬರೀ ಕೇಳುತ್ತಿದ್ದ. ಕೇಳುವುದೇ ಅವನನ್ನು ಹಿಡಿದುಕೊಟ್ಟಿತು.

ಇದೆಲ್ಲ ದೂರದ ಕಥೆ ಎಂದುಕೊಂಡಿದ್ದೆ. ಅದು ನಮ್ಮ ಮನೆಯ ಬಾಗಿಲಿಗೇ ಬಂತು.

ಹೊಸಪೇಟೆಯೊಂದನ್ನು ಬಿಟ್ಟರೆ ಇಂದಿನ ವಿಜಯನಗರ ಜಿಲ್ಲೆ ಎಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ, ಈ ಐದು ತಾಲೂಕುಗಳೇ. 1997ರಲ್ಲಿ ದಾವಣಗೆರೆಗೆ ಹೋದ ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಹೊಸ ಜಿಲ್ಲೆಯಾದಾಗ ಐದೂ ಒಂದೇ ಸೂರಿನಡಿ ಬಂದವು. ಮಳೆ ನಂಬಿ ಶೇಂಗಾ, ಮೆಕ್ಕೆಜೋಳ ಬಿತ್ತುವ ಈ ನೆಲದಲ್ಲಿ ಸರಕಾರಿ ನೌಕರಿಯೇ ಇನ್ನೊಂದು ನೀರಾವರಿ. ಸಂವಿಧಾನದ 371(ಜೆ) ವಿಧಿಯ ಮೀಸಲಾತಿ ಬಂದ ಮೇಲೆ ಆ ಆಸೆ ಇನ್ನಷ್ಟು ಚಿಗುರಿದೆ. ಹೊಲದ ಮೇಲೆ ಸಾಲ ತೆಗೆದು, ಧಾರವಾಡದಲ್ಲಿ ಒಂದು ಕೋಣೆಗೆ ನಾಲ್ವರಂತೆ ಇದ್ದು ಓದುವ ಹುಡುಗ ಹುಡುಗಿಯರು ನಮ್ಮ ಪ್ರತಿ ಊರಲ್ಲೂ ಇದ್ದಾರೆ. ಅವರಲ್ಲಿ ಎಲ್ಲ ಜಾತಿಯವರಿದ್ದಾರೆ, ಎಲ್ಲ ಧರ್ಮದವರಿದ್ದಾರೆ.

ಅವರ ಬೆನ್ನಿಗೆ ಎರಡು ಸಲ ಚೂರಿ ಬಿತ್ತು. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ನಡೆದ ಪರೀಕ್ಷೆಯಲ್ಲಿ ಉತ್ತರ ಪತ್ರಿಕೆ ತಿದ್ದಿದ್ದು, ಬ್ಲೂಟೂತ್ ಮೂಲಕ ಉತ್ತರ ಹೇಳಿಕೊಟ್ಟದ್ದು ತನಿಖೆಯಲ್ಲಿ ಬಯಲಾಗಿ, 2022ರ ಏಪ್ರಿಲ್‌ನಲ್ಲಿ ಇಡೀ ನೇಮಕಾತಿಯೇ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಮಧ್ಯದ ಎರಡು ಚಿಲ್ಲರೆ ವರ್ಷಗಳನ್ನು ಯಾರು ಹಿಂದಿರುಗಿಸಿ ಕೊಡುತ್ತಾರೆ? ಅಷ್ಟರೊಳಗೆ 2023ರ ಅಕ್ಟೋಬರ್ 28ರಂದು ನಿಗಮ ಮಂಡಳಿಗಳ ಹುದ್ದೆಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸಿದ ಪರೀಕ್ಷೆಯಲ್ಲಿ ಕಲಬುರಗಿ ಮತ್ತು ಯಾದಗಿರಿಯಲ್ಲಿ ಮತ್ತೆ ಬ್ಲೂಟೂತ್ ಪ್ರಕರಣ ಹೊರಬಿತ್ತು. ಅಕ್ರಮ ಕಲ್ಪನೆಯಲ್ಲ. ಕಳ್ಳರು ನಿಜವಾಗಿ ಇದ್ದರು. ಮುಂದೆ ಏನು ಬರೆದರೂ ಈ ಸತ್ಯವನ್ನು ಮರೆತು ಬರೆಯುವುದು ಅಪ್ರಾಮಾಣಿಕತೆಯಾದೀತು.

ಆಮೇಲೆ ಬಂತು ತಪಾಸಣೆಯ ಕಾಲ. ತುಂಬುತೋಳಿನ ಅಂಗಿ ಬೇಡ, ಶೂ ಬೇಡ, ಆಭರಣ ಬೇಡ. 2023ರ ನವೆಂಬರ್‌ನಲ್ಲಿ ಕಲಬುರಗಿಯ ಪರೀಕ್ಷಾ ಕೇಂದ್ರವೊಂದರಲ್ಲಿ ಮಾಂಗಲ್ಯ ಕಳಚಲು ಹೇಳಿದ್ದು ದೊಡ್ಡ ಸುದ್ದಿಯಾಯಿತು. ಕೆಲವೇ ದಿನಗಳಲ್ಲಿ ಪ್ರಾಧಿಕಾರ ಹೊರಡಿಸಿದ ನಿಯಮದಲ್ಲಿ ಮಾಂಗಲ್ಯ, ಕಾಲುಂಗುರಗಳಿಗೆ ವಿನಾಯಿತಿ ಸಿಕ್ಕಿತು. ಆದರೆ ತಲೆ, ಬಾಯಿ, ಕಿವಿ ಮುಚ್ಚುವ ಬಟ್ಟೆ ಮತ್ತು ಟೋಪಿಗೆ ನಿಷೇಧ ಎಂದು ಬರೆದಿತ್ತು. ಹಿಜಾಬ್ ಎಂಬ ಶಬ್ದ ಅದರಲ್ಲಿರಲಿಲ್ಲ. ಶಬ್ದ ಇಲ್ಲದಿದ್ದರೂ ಅರ್ಥವಾಗಬೇಕಾದವರಿಗೆ ಅರ್ಥವಾಯಿತು, ವಾರಗಟ್ಟಲೆ ವಾಗ್ವಾದ ನಡೆಯಿತು. 2025ರ ಏಪ್ರಿಲ್‌ನಲ್ಲಿ ಸಿಇಟಿ ಸಮಯಕ್ಕೆ ಬೀದರ್ ಮತ್ತು ಶಿವಮೊಗ್ಗದಲ್ಲಿ ಸರದಿ ಜನಿವಾರದ್ದಾಯಿತು. ಬೀದರಿನ ಹುಡುಗನೊಬ್ಬ ಜನಿವಾರ ತೆಗೆಯಲು ಒಪ್ಪದೆ ಗಣಿತ ಪರೀಕ್ಷೆಯನ್ನೇ ಕಳೆದುಕೊಂಡ. ಆ ದಿನ ನನಗೆ ಆ ಹುಡುಗನ ಮೇಲೆ ಮೂಡಿದ ಮಮತೆಗೂ, ಎರಡು ವರ್ಷದ ಹಿಂದೆ ನಮ್ಮ ಹೆಣ್ಣುಮಕ್ಕಳಿಗಾಗಿ ಪಟ್ಟ ಸಂಕಟಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ನನ್ನ ತಂಗಿಯ ಮಗಳು ಹಗರಿಬೊಮ್ಮನಹಳ್ಳಿಯವಳು. ಅಂಥದೇ ಒಂದು ಪರೀಕ್ಷೆ ಬರೆಯಲು ಬೇರೆ ಊರಿಗೆ ಹೋಗಿದ್ದಳು. ಊರಿನ ಹೆಸರು, ಕೇಂದ್ರದ ಹೆಸರು ಇಲ್ಲಿ ಬೇಕಿಲ್ಲ. ಕಿವಿ ತೋರಿಸಬೇಕೆಂದು ಗೊತ್ತಿದ್ದ ಅವಳು ಒಂದು ಗಂಟೆ ಮೊದಲೇ ಹೋಗಿ ನಿಂತಿದ್ದಳು. ಮರೆಯಲ್ಲಿ ಮಹಿಳಾ ಸಿಬ್ಬಂದಿಯ ಮುಂದೆ ತೋರಿಸುತ್ತೇನೆಂದಳು. ಆದರೆ ಕಾರಿಡಾರಿನಲ್ಲಿ, ಎಲ್ಲರ ಎದುರಿಗೆ, ಸಾಲು ನಿಲ್ಲಿಸಿ, ತಲೆಯ ಬಟ್ಟೆ ಎಳೆದು ನೋಡಿದರು. ಏನೂ ಸಿಗಲಿಲ್ಲ. ಒಳಗೆ ಹೋಗಿ ಕೂತ ಮೇಲೆ ಮೊದಲ ಇಪ್ಪತ್ತು ನಿಮಿಷ ಪ್ರಶ್ನೆಗಳ ಅಕ್ಷರಗಳೇ ಕಾಣಲಿಲ್ಲವಂತೆ. ಮನೆಗೆ ಬಂದು ಅವಳು ಹೇಳಿದ ಮಾತು: "ಹುಡುಕಿದ್ದಕ್ಕ ಬ್ಯಾಸರ ಇಲ್ಲ ಮಾಮಾ. ಸಿಕ್ಕೇ ಬಿಟ್ಟೈತಿ ಅನ್ನೋ ಹಂಗ ಹುಡುಕಿದ್ರು."

ಈ ಮಾತನ್ನು ನಾನು ಹರಪನಹಳ್ಳಿ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮುಂದೆ ಹೇಳಿದೆ. ಅವನ ತಂದೆ ಎಪಿಎಂಸಿಯಲ್ಲಿ ಹಮಾಲಿ. ರದ್ದಾದ ಪಿಎಸ್‌ಐ ಪರೀಕ್ಷೆ ಬರೆದವರಲ್ಲಿ ಅವನೂ ಒಬ್ಬ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ನನ್ನ ಅಂಗಿ ಬಿಚ್ಚಿಸಿದ್ರೂ ನಿಲ್ತೀನಿ. ಕಳ್ಳ ಒಳಗ ಹೋಗಬಾರ್ದು ಅಷ್ಟ" ಎಂದ. ಅವನ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಳೆದುಹೋದ ಎರಡು ವರ್ಷದ ಬೆಲೆ ಗೊತ್ತಿದ್ದವನು ಅವನು. ಆದರೆ ತನ್ನ ಅಂಗಿ ಬಿಚ್ಚಲು ತಾನು ಒಪ್ಪುವುದು ಬೇರೆ, ಇನ್ನೊಬ್ಬರ ಬಟ್ಟೆ ಎಳೆಯಲು ಒಪ್ಪಿಗೆ ಕೊಡುವುದು ಬೇರೆ ಎಂದು ಮನೆಗೆ ಬಂದ ಮೇಲೆ ನನಗೆ ಹೊಳೆಯಿತು. ಒಳ್ಳೆಯ ಉತ್ತರಗಳು ನನಗೆ ಯಾವಾಗಲೂ ಬಸ್ಸು ಹೋದ ಮೇಲೆಯೇ ಬರುತ್ತವೆ.

ಈಗ ಮಾವನ ಅಂಗಡಿಯ ಆಟವನ್ನು ಈ ಕಾರಿಡಾರಿನಲ್ಲಿಟ್ಟು ನೋಡೋಣ.

ಬಾಗಿಲಲ್ಲಿ ಹಿಡಿಯುವ ಲೋಹಶೋಧಕ ಕೇಳುವ ಪ್ರಶ್ನೆ ಒಂದೇ: ಇಲ್ಲಿ ಲೋಹವಿದೆಯೇ? ಮಾಂಗಲ್ಯವೂ ಲೋಹ, ಕಾಲುಂಗುರವೂ ಲೋಹ, ಬೆಲ್ಟಿನ ಬಕಲೂ ಲೋಹ. ಹಾಗಾಗಿ ಎಲ್ಲವನ್ನೂ ಕಳಚಿಸಬೇಕಾಗುತ್ತದೆ. ಕಣ್ಣಿನಿಂದ ಹುಡುಕುವವನ ಪ್ರಶ್ನೆ: ಇಲ್ಲಿ ಏನಾದರೂ ಮುಚ್ಚಿದೆಯೇ? ಬಟ್ಟೆ ಇರುವುದೇ ಮುಚ್ಚಲಿಕ್ಕೆ, ಆದ್ದರಿಂದ ಬಟ್ಟೆಯೇ ಅಪರಾಧಿಯಾಗುತ್ತದೆ. ಸೋರುವ ಅಲೆಯನ್ನು ಆಲಿಸುವ ಯಂತ್ರದ ಪ್ರಶ್ನೆ ಇವೆರಡಕ್ಕಿಂತ ಬೇರೆ. ಇಲ್ಲಿ ಏನಾದರೂ ಕೆಲಸ ಮಾಡುತ್ತಿದೆಯೇ? ಎಂದು ಅದು ಕೇಳುತ್ತದೆ. ಚಿನ್ನ ಕಂಪಿಸುವುದಿಲ್ಲ. ಹತ್ತಿಯ ನೂಲಿನಿಂದ ರೇಡಿಯೋ ಅಲೆ ಹೊರಡುವುದಿಲ್ಲ, ಆ ನೂಲು ಹೆಗಲ ಮೇಲೆ ಜನಿವಾರವಾಗಿರಲಿ, ತಲೆಯ ಮೇಲೆ ದುಪಟ್ಟಾ ಆಗಿರಲಿ. ಯಾರ ಮೈಯನ್ನೂ ಮುಟ್ಟದೆ, ಯಾರ ಬಟ್ಟೆಯನ್ನೂ ಸರಿಸದೆ, ಕೋಣೆಯ ಮೂಲೆಯಲ್ಲಿ ಕೂತು ಆಲಿಸುವ ಇಂಥ ಯಂತ್ರದ ಮುಂದೆ ಎಲ್ಲರೂ ಒಂದೇ. ಇನ್ನೂ ಒಂದು ಗುಣ ಅದಕ್ಕಿದೆ. ಉಪಕರಣ ಆರಿದ್ದಾಗ ಅದಕ್ಕೆ ಏನೂ ಕೇಳಿಸುವುದಿಲ್ಲ. ಕೆಲಸ ಶುರುವಾದಾಗ ಮಾತ್ರ ಕೇಳಿಸುತ್ತದೆ. ಎಂದರೆ ಅದು ಮನುಷ್ಯನನ್ನು ಶಂಕಿಸುವುದಿಲ್ಲ, ಕೃತ್ಯಕ್ಕಾಗಿ ಕಾಯುತ್ತದೆ.

ಹಾಗಾದರೆ ಇದೇ ಪರಿಹಾರವಲ್ಲವೇ? ನಾನೂ ಹಾಗೇ ಅಂದುಕೊಂಡಿದ್ದೆ. ಓದುತ್ತಾ ಹೋದಂತೆ ಉತ್ಸಾಹ ತುಸು ಇಳಿಯಿತು.

ಮೊದಲನೆಯದಾಗಿ, ಸೋರಿಕೆ ಬಹಳ ಕ್ಷೀಣ. ಉಪಕರಣಗಳು ಇಷ್ಟಕ್ಕಿಂತ ಹೆಚ್ಚು ಸೋರಬಾರದೆಂದು ಸರಕಾರಗಳೇ ಮಿತಿ ಹಾಕಿವೆ. ಅಮೆರಿಕದ ನಿಯಮದಲ್ಲಿ ಮನೆಬಳಕೆಯ ಉಪಕರಣಕ್ಕೆ 30ರಿಂದ 88 ಮೆಗಾಹರ್ಟ್ಸ್ ನಡುವೆ, 3 ಮೀಟರ್ ದೂರದಲ್ಲಿ, ಮೀಟರಿಗೆ 100 ಮೈಕ್ರೋವೋಲ್ಟ್ ಮಿತಿ. ಒಂದು ವೋಲ್ಟಿನ ಹತ್ತು ಸಾವಿರದ ಒಂದು ಭಾಗ. ಹಳೆಯ ಜಿಎಸ್‌ಎಂ ಮೊಬೈಲ್ ರಿಂಗ್ ಆಗುವ ಮುನ್ನ ಪಕ್ಕದ ರೇಡಿಯೋ 'ಟಿಡಿಕ್ ಟಿಡಿಕ್' ಎನ್ನುತ್ತಿದ್ದುದು ನಿಮಗೆ ನೆನಪಿರಬಹುದು. ಮೊಬೈಲು ಸೆಕೆಂಡಿಗೆ 217 ಸಲ ಟವರಿಗೆ ಬೇಕೆಂದೇ ಎಸೆಯುತ್ತಿದ್ದ ಅಲೆಯ ಪೆಟ್ಟು ಅದು. ಅಂಥ ಗಟ್ಟಿ ದನಿಯನ್ನು ಹಿಡಿಯುವುದು ಸುಲಭ. ಬ್ಲೂಟೂತ್ ಕೂಡ 2400 ಮೆಗಾಹರ್ಟ್ಸ್‌ನ ಪಟ್ಟಿಯಲ್ಲಿ ಸೆಕೆಂಡಿಗೆ 1600 ಸಲದವರೆಗೆ ಜಾಗ ಬದಲಿಸುತ್ತಾ ಬೇಕೆಂದೇ ಮಾತಾಡುತ್ತದೆ. ಆದರೆ ಬರೀ ಕೇಳುವ ರಿಸೀವರ್‌ನ ಸೋರಿಕೆ ಪಿಸುಮಾತಿಗಿಂತ ಸಣ್ಣದು. ಕಿಟಕಿಯಾಚೆಯ ವೈಫೈ, ರಸ್ತೆಯಲ್ಲಿ ಹೋಗುವವರ ಮೊಬೈಲು, ತಲೆಯ ಮೇಲಿನ ಎಲ್‌ಇಡಿ ದೀಪ, ಇವೆಲ್ಲದರ ಸಂತೆಯಲ್ಲಿ ಆ ಪಿಸುಮಾತನ್ನು ಹೆಕ್ಕಬೇಕು. ಕಿವಿಯೊಳಗೆ ಕಾಳಿನಷ್ಟು ಆಯಸ್ಕಾಂತವೊಂದನ್ನೇ ಇಟ್ಟುಕೊಂಡವನಿದ್ದರೆ ಅದರಲ್ಲಿ ಸೋರಲು ಏನೂ ಇಲ್ಲ. ಅದಕ್ಕೆ ಹೊರಗಿನ ದನಿಯನ್ನು ತಲುಪಿಸುವ ಇನ್ನೊಂದು ಉಪಕರಣ ಮೈಮೇಲೆ ಎಲ್ಲೋ ಇರಲೇಬೇಕು, ಆ ಉಪಕರಣ ಟವರಿನೊಡನೆ ಮಾತಾಡಲೇಬೇಕು ಎಂಬುದೇ ಸಮಾಧಾನ.

ಎರಡನೆಯದು ನನ್ನನ್ನು ಹೆಚ್ಚು ತಡೆದು ನಿಲ್ಲಿಸಿತು. ಕಿವಿ ಮಂದವಾದ ಅಭ್ಯರ್ಥಿಯೊಬ್ಬನನ್ನು ಯೋಚಿಸಿ. ಅವನ ಕಿವಿಯಲ್ಲಿರುವ ಶ್ರವಣಯಂತ್ರವೂ ಎಲೆಕ್ಟ್ರಾನಿಕ್ ಉಪಕರಣವೇ, ಅದೂ ಸೋರುತ್ತದೆ. ಸಕ್ಕರೆ ಕಾಯಿಲೆಯ ಹುಡುಗಿಯೊಬ್ಬಳು ತೋಳಿಗೆ ಅಂಟಿಸಿಕೊಂಡ ಗ್ಲೂಕೋಸ್ ಸೆನ್ಸರ್ ಬ್ಲೂಟೂತಿನಲ್ಲೇ ಮಾತಾಡುತ್ತದೆ. ಇವರೇ ನಾನು ಮೊದಲು ಹೇಳಿದ ಆ ಹಮಾಲಿ, ನಿಜವಾಗಿಯೂ ಹೆಗಲು ನೋಯುತ್ತಿರುವವರು. ಯಂತ್ರ ಇವರ ಕಡೆಗೂ ಬೆರಳು ತೋರಿಸುತ್ತದೆ. ಕರ್ಮಗಳ ಮೌಲ್ಯ ನಿಯ್ಯತ್ತಿನಿಂದ, ಅಂದರೆ ಉದ್ದೇಶದಿಂದ ಎಂಬ ಪ್ರವಾದಿವಚನವನ್ನು ನಾವು ಚಿಕ್ಕಂದಿನಿಂದ ಕೇಳುತ್ತಾ ಬಂದಿದ್ದೇವೆ. ಉದ್ದೇಶವೇ ಇಲ್ಲದೆ ಹೊರಬೀಳುವ ಅಲೆಯಲ್ಲಿ ಉದ್ದೇಶವನ್ನು ಓದುವುದು ಹೇಗೆ? ಅದು ವಸ್ತುವಿನ ಇರವನ್ನು ಹೇಳಬಲ್ಲುದು, ಮನುಷ್ಯನ ಮನಸ್ಸನ್ನಲ್ಲ. ಯಂತ್ರ ಶಿಳ್ಳೆ ಹಾಕಿದ ಮೇಲೆ ಮನುಷ್ಯ ಮನುಷ್ಯನನ್ನು ಕೇಳಲೇಬೇಕು, ಮರೆಯಲ್ಲಿ ಕರೆದು, ಮರ್ಯಾದೆಯಿಂದ. ಸಿಕ್ಕೇ ಬಿಟ್ಟಿದೆ ಎನ್ನುವ ಹಾಗೆ ಅಲ್ಲ.

ಸೋರಿಕೆಯ ಮೇಲಿನ ಶಂಕೆ ದಾರಿ ತಪ್ಪಿಸಿದ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಜಲಾಂತರ್ಗಾಮಿಗಳಲ್ಲಿ 'ಮೆಟಾಕ್ಸ್' ಎಂಬ ರಿಸೀವರ್ ಇತ್ತು. ಶತ್ರು ವಿಮಾನದ ರಾಡಾರ್ ಅಲೆಯನ್ನು ಕೇಳಿ ಎಚ್ಚರಿಸುವುದು ಅದರ ಕೆಲಸ. 1943ರಲ್ಲಿ ಜಲಾಂತರ್ಗಾಮಿಗಳು ಮೇಲಿಂದ ಮೇಲೆ ಮುಳುಗತೊಡಗಿದಾಗ, ಸೆರೆಸಿಕ್ಕ ಬ್ರಿಟಿಷ್ ವೈಮಾನಿಕನೊಬ್ಬ, ಮೆಟಾಕ್ಸ್‌ನಿಂದ ಸೋರುವ ಅಲೆಯನ್ನೇ ಹಿಡಿದು ನಾವು ಬರುತ್ತೇವೆ ಎಂದುಬಿಟ್ಟ. ಪರೀಕ್ಷಿಸಿದರೆ ಮೆಟಾಕ್ಸ್ ನಿಜವಾಗಿಯೂ ಸೋರುತ್ತಿತ್ತು! ಆಗಸ್ಟ್‌ನಲ್ಲಿ ಅದನ್ನು ಆರಿಸಲು ಆಜ್ಞೆ ಹೊರಟಿತು. ಆದರೆ ಅವನು ಹೇಳಿದ್ದು ಸುಳ್ಳು. ಬ್ರಿಟಿಷರು ಬಳಸುತ್ತಿದ್ದುದು ಮೆಟಾಕ್ಸ್‌ಗೆ ಕೇಳಿಸದ ಹತ್ತು ಸೆಂಟಿಮೀಟರಿನ ಹೊಸ ರಾಡಾರ್. ಸೋರಿಕೆ ಇದ್ದದ್ದು ನಿಜ, ಅಪರಾಧ ಅದರದ್ದಲ್ಲ. ಒಮ್ಮೆ ಶಂಕೆ ನೆಟ್ಟರೆ ಪುರಾವೆ ಎಲ್ಲೆಲ್ಲೂ ಕಾಣುತ್ತದೆ.

ಇಷ್ಟು ಪರೀಕ್ಷಾ ಕೋಣೆಯ ಮಾತು. ಅಲ್ಲಿಗೆ ನಾವು ಷರತ್ತು ಒಪ್ಪಿ ಹೋಗುತ್ತೇವೆ, ಮೂರು ಗಂಟೆಯ ಬಳಿಕ ಹೊರಬರುತ್ತೇವೆ. ಅದೇ ಯಂತ್ರವನ್ನು ಹೊತ್ತು ಯಾರಾದರೂ ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ನಿಂತರೆ? ಅಲೆ ರಸ್ತೆಗೆ ತಾನಾಗಿ ಬಂದಿದೆ, ನಾನೇನು ಒಳಗೆ ಬಂದಿಲ್ಲವಲ್ಲ ಎಂದರೆ?

ಈ ಪ್ರಶ್ನೆ ಹೊಸದೆಂದು ನಾನು ತಿಳಿದಿದ್ದೆ. 1111ರಲ್ಲಿ ತೀರಿಕೊಂಡ ಇಮಾಮ್ ಗಝ್ಝಾಲಿ(ರ) 'ಇಹ್ಯಾ ಉಲೂಮುದ್ದೀನ್' ಗ್ರಂಥದಲ್ಲಿ ಇದನ್ನು ಹೆಚ್ಚುಕಡಿಮೆ ಇದೇ ರೂಪದಲ್ಲಿ ಚರ್ಚಿಸಿದ್ದಾರೆ ಎಂದು ತಿಳಿದಾಗ ಅಚ್ಚರಿಯಾಯಿತು. ಕೆಡುಕನ್ನು ತಡೆಯಬೇಕು ಎಂಬುದು ಧರ್ಮದ ಆದೇಶ ತಾನೇ? ಆದರೆ ಕೆಡುಕನ್ನು ಹುಡುಕಿಕೊಂಡು ಹೋಗಬಹುದೇ? ಅವರ ಉತ್ತರದ ಸಾರ ಇಷ್ಟು. ಮನೆಯೊಳಗಿನ ಸದ್ದು ಬೀದಿಯಲ್ಲಿ ಹೋಗುವವರಿಗೆ ತಾನಾಗಿ ಕೇಳಿಸುವಷ್ಟು ಜೋರಾಗಿದ್ದರೆ ಅದು ಬಹಿರಂಗ, ಅದರ ವಿಚಾರದಲ್ಲಿ ಮಾತಾಡಬಹುದು. ಆದರೆ ತಂತಿವಾದ್ಯ ನುಡಿಯುತ್ತಿದೆಯೇ ಎಂದು ಇನ್ನೊಬ್ಬರ ಗೋಡೆಗೆ ಕಿವಿಗೊಡುವುದು, ಮದ್ಯವಿದೆಯೇ ಎಂದು ಮೂಸಿ ನೋಡುವುದು, ಬಟ್ಟೆಯೊಳಗೆ ಕೊಳಲು ಇದೆಯೇ ಎಂದು ಮೇಲಿಂದ ತಡವಿ ನೋಡುವುದು, ಅಕ್ಕಪಕ್ಕದವರನ್ನು ಕೇಳಿ ಬಾಯಿ ಬಿಡಿಸುವುದು, ಇವಾವುದೂ ಕೂಡದು. ಬಟ್ಟೆಯೊಳಗಿನ ಕೊಳಲು! ಒಂಬೈನೂರು ವರ್ಷಗಳ ಹಿಂದೆ ಅಡಗಿಸಿಡಬಹುದಾಗಿದ್ದ ಉಪಕರಣ ಅದೇ ಇರಬೇಕು. ಕುರ್‌ಆನಿನ ಹುಜುರಾತ್ ಅಧ್ಯಾಯದಲ್ಲಿ ಅತಿಯಾದ ಶಂಕೆ, ಗೂಢಚರ್ಯೆ, ಪರದೂಷಣೆಗಳನ್ನು ಒಂದೇ ಸೂಕ್ತದಲ್ಲಿ ಜೊತೆಯಾಗಿಟ್ಟು ನಿಷೇಧಿಸಿರುವುದರ ವಿವರಣೆಯಂತಿದೆ ಇದು.

ಅದೇ ಸಂದರ್ಭದಲ್ಲಿ ಖಲೀಫಾ ಉಮರ್(ರ) ಅವರ ಪ್ರಸಿದ್ಧ ಕಥೆಯೂ ಬರುತ್ತದೆ. ರಾತ್ರಿ ಗಸ್ತಿನಲ್ಲಿ ಮನೆಯೊಂದರಿಂದ ಬಂದ ಸದ್ದು ಕೇಳಿ ಅವರು ಗೋಡೆ ಹತ್ತಿ ಇಳಿದರು, ತಪ್ಪಿತಸ್ಥ ಕೈಗೆ ಸಿಕ್ಕಿಬಿದ್ದ. ಆದರೆ ಅವನು ಹೆದರಲಿಲ್ಲ. ತನ್ನದು ಒಂದು ತಪ್ಪು, ಖಲೀಫರದ್ದು ಮೂರು ಎಂದು ಎಣಿಸಿ ಹೇಳಿದ. ಬೇಹು ನೋಡಿದ್ದು, ಬಾಗಿಲು ಬಿಟ್ಟು ಗೋಡೆಯಿಂದ ಬಂದದ್ದು, ಅನುಮತಿ ಕೇಳದೆ ಒಳಹೊಕ್ಕದ್ದು. ಉಮರ್(ರ) ಅವನನ್ನು ಬಿಟ್ಟು ಹೊರಟುಹೋದರು. ನಮ್ಮ ಪ್ರವಚನಗಳಲ್ಲಿ ಈ ಕಥೆಯನ್ನು ಖಲೀಫರ ವಿನಯಕ್ಕೆ ನಿದರ್ಶನವಾಗಿ ಹೇಳುತ್ತಾರೆ. ಅದರಲ್ಲಿ ಕಾನೂನಿನ ಒಂದು ಪಾಠವೂ ಇದೆ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಸಿಕ್ಕದ್ದು ನಿಜವೇ ಆಗಿದ್ದರೂ, ಹುಡುಕಿದ ದಾರಿ ತಪ್ಪಾಗಿತ್ತು.

ಇದೇ ಪ್ರಶ್ನೆ 2001ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂತು. ಆರೆಗನ್ ರಾಜ್ಯದ ಡ್ಯಾನಿ ಕೈಲೋ ಎಂಬವನು ಮನೆಯೊಳಗೆ ದೀಪದ ಶಾಖದಲ್ಲಿ ಗಾಂಜಾ ಬೆಳೆಯುತ್ತಿದ್ದ. ಅಧಿಕಾರಿಗಳು ರಸ್ತೆಯಲ್ಲಿ ಕಾರಿನೊಳಗೇ ಕೂತು, ಗೋಡೆಯಿಂದ ಹೊರಬೀಳುವ ಶಾಖವನ್ನು ಯಂತ್ರದಿಂದ ಅಳೆದು ಪತ್ತೆ ಹಚ್ಚಿದರು. ಶಾಖ ಗೋಡೆ ದಾಟಿ ಹೊರಬಂದ ಮೇಲೆ ಅದು ಎಲ್ಲರದ್ದು ಎಂದು ನಾಲ್ವರು ನ್ಯಾಯಾಧೀಶರು ವಾದಿಸಿದರು. ಐವರು ಒಪ್ಪಲಿಲ್ಲ. ಜನಸಾಮಾನ್ಯರ ಬಳಕೆಯಲ್ಲಿಲ್ಲದ ಯಂತ್ರದಿಂದ ಮನೆಯೊಳಗಿನದನ್ನು ತಿಳಿಯುವುದೂ ಮನೆ ಹೊಕ್ಕಂತೆಯೇ, ಅದಕ್ಕೆ ವಾರಂಟ್ ಬೇಕು ಎಂದರು. ಗಝ್ಝಾಲಿ(ರ) ಕಿವಿಗೊಡುವುದು, ಮೂಸುವುದು ಎಂದದ್ದನ್ನೇ ಇವರು ಯಂತ್ರಕ್ಕೆ ಅನ್ವಯಿಸಿ ಹೇಳಿದಂತಿದೆ. ಬರಿಗಿವಿಗೆ ತಾನಾಗಿ ಬಂದು ಬಡಿದದ್ದು ಬೇರೆ, ಉಪಕರಣ ಹಿಡಿದು ಬಾಚಿಕೊಂಡದ್ದು ಬೇರೆ.

ನಮ್ಮ ರಾಜ್ಯಕ್ಕೂ ಈ ವಿಷಯದಲ್ಲಿ ಇತಿಹಾಸವಿದೆ. ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ ರಾಮಕೃಷ್ಣ ಹೆಗಡೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ಸ್ಥಾನ ಬಿಟ್ಟರು. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು 2017ರ ಆಗಸ್ಟ್ 24ರಂದು ಹೇಳಿದ ತೀರ್ಪಿಗೆ ಕಾರಣರಾದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2024ರಲ್ಲಿ ತೀರಿಕೊಂಡಾಗ ಅವರಿಗೆ 98 ವರ್ಷ. ಆ ಹಕ್ಕನ್ನು ಮೊಟಕುಗೊಳಿಸಬೇಕಾದರೆ ಕಾನೂನಿನ ಆಧಾರ ಬೇಕು, ನ್ಯಾಯವಾದ ಉದ್ದೇಶ ಬೇಕು, ಉದ್ದೇಶಕ್ಕೆ ತಕ್ಕ ಅಳತೆ ಬೇಕು ಎಂದಿತು ಆ ತೀರ್ಪು. ಪರೀಕ್ಷೆಯ ಅಕ್ರಮ ತಡೆಯುವುದು ನ್ಯಾಯವಾದ ಉದ್ದೇಶವೇ, ಅದರಲ್ಲಿ ಎರಡು ಮಾತಿಲ್ಲ. ನಾವು ಎಡವುತ್ತಿರುವುದು ಅಳತೆಯಲ್ಲಿ. ಮೂಲೆಯಲ್ಲಿ ಕೂತು ಆಲಿಸಬಲ್ಲ ಯಂತ್ರವನ್ನು ಮೊದಲು ಇಟ್ಟು, ಅದು ಅನುಮಾನ ಸೂಚಿಸಿದಲ್ಲಿ ಮಾತ್ರ, ಮರೆಯಲ್ಲಿ, ಅದೇ ಲಿಂಗದ ಸಿಬ್ಬಂದಿ ಕೈ ಹಾಕುವ ಬದಲು, ಎಲ್ಲರ ಮೈಮೇಲಿನ ನೂಲನ್ನೇ ಮೊದಲು ಎಳೆಯುತ್ತಿದ್ದೇವೆ. ಖರ್ಚಿನ ಮಾತು ಬರುತ್ತದೆ. ಒಂದು ರದ್ದಾದ ಪರೀಕ್ಷೆಯ ಖರ್ಚನ್ನು ನಮ್ಮ ಊರಿನ ಮನೆಗಳಿಗೆ ಬಂದು ಕೇಳಲಿ.

ಯಂತ್ರ ಬಂದರೂ ಅದನ್ನು ಯಾರ ಕಡೆಗೆ ತಿರುಗಿಸುವುದು ಎಂದು ನಿರ್ಧರಿಸುವ ಕೈ ಮನುಷ್ಯನದ್ದೇ. ತಲೆಗೆ ಬಟ್ಟೆ ಇರುವವಳ ಮುಂದೆ ಎರಡು ನಿಮಿಷ, ಇಲ್ಲದವಳ ಮುಂದೆ ಎರಡು ಸೆಕೆಂಡು ಹಿಡಿದರೆ ಯಂತ್ರದ ಸಮಾನತೆಯಿಂದ ಏನು ಬಂತು? ಅದಕ್ಕೆ ಯಾವ ಲೆಕ್ಕದ ಉತ್ತರವೂ ನನ್ನ ಹತ್ತಿರ ಇಲ್ಲ.

ಮೊನ್ನೆ ಕೊಟ್ಟೂರಿಗೆ ಹೋದಾಗ ತಂಗಿಯ ಮಗಳೂ ಜೊತೆಗಿದ್ದಳು. ಮಾವ ಅಂಗಡಿ ಮುಚ್ಚಿ ಬಹಳ ವರ್ಷವಾಯಿತು, ಅಟ್ಟದ ಮೇಲೆ ನಾಲ್ಕಾರು ಸೆಟ್ಟುಗಳು ಉಳಿದಿವೆ. ಎರಡನ್ನು ಇಳಿಸಿ, ಸೆಲ್ ಹಾಕಿ, ಒರೆಸಿ ಪಕ್ಕಪಕ್ಕ ಇಟ್ಟೆವು. ಅವಳು ಮುಳ್ಳು ತಿರುಗಿಸುತ್ತಾ ಹೋದಳು. ಒಂದು ಕಡೆ ಗರಗರ ನಿಂತಿತು. ಮಾವ ಆಚೆಯ ಸೆಟ್ಟನ್ನು ಆರಿಸಿದರು, ಗರಗರ ಮರಳಿತು. ಅವಳು ಇನ್ನೊಮ್ಮೆ, ಮತ್ತೊಮ್ಮೆ ಮಾಡಿ ನೋಡಿದಳು. ಮುಂದಿನ ಪರೀಕ್ಷೆಗೆ ಹಾಲ್ ಟಿಕೆಟ್ ಬಂದಿದೆ. ದುಪಟ್ಟಾದ ಎರಡೂ ಬದಿಗೆ ಪುಟ್ಟ ಗುಂಡಿ ಹೊಲಿದುಕೊಂಡಿದ್ದಾಳೆ, ಬಿಚ್ಚದೆಯೇ ಕಿವಿ ತೋರಿಸಲಿಕ್ಕೆ. ಬೆಳಗ್ಗೆ ಐದಕ್ಕೆ ಬಸ್ಸು.